ಹೊಲ ತೋಟವಾದ ಮೇಲೆ: ತುಮಕೂರು ಸೀಮೆಯ ಬೇಸಾಯ ಮತ್ತು ವನ್ಯಜೀವಿಗಳು

ಸಾಂದ್ರ ಬೇಸಾಯ ಎಂದರೆ ಇರುವಷ್ಟೇ ನೆಲದಿಂದ ಹೆಚ್ಚು ಹೆಚ್ಚು ಫಸಲು ತೆಗೆಯುವ ಬೇಸಾಯ. ಮಳೆಗೆ ಕಾಯದೆ ಕೊಳವೆ ಬಾವಿಯ ನೀರು ಹಾಯಿಸುವುದು, ಕೊಟ್ಟಿಗೆ ಗೊಬ್ಬರದ ಜಾಗದಲ್ಲಿ ಯೂರಿಯಾ, ಡಿಎಪಿ ಸುರಿಯುವುದು, ಹಲವು ಕಾಳು ಬೆರೆತ ಹೊಲವನ್ನು ಒಂದೇ ಬೆಳೆಗೆ ಬಿಟ್ಟುಕೊಡುವುದು, ಕೀಟಕ್ಕೂ ಕಳೆಗೂ ಔಷಧಿ ಹೊಡೆಯುವುದು, ಬದು ಬೇಲಿ ಕಿತ್ತು ಟ್ರ್ಯಾಕ್ಟರ್ ತಿರುಗಲು ಜಾಗ ಮಾಡುವುದು ಇದರ ಲಕ್ಷಣಗಳು. ಇಂಥ ಬೇಸಾಯ ಬಂದಾಗ ಅದೇ ನೆಲವನ್ನು ನಂಬಿದ್ದ ಹಕ್ಕಿ, ಹುಳು, ಹಾವು, ಮೃಗಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆ ಜಗತ್ತಿನ ಎಲ್ಲ ಕೃಷಿ ಪ್ರದೇಶಗಳಲ್ಲೂ ಚರ್ಚೆಯಲ್ಲಿದೆ. ಜೀವವೈವಿಧ್ಯ ಕುರಿತ ಅಂತರ್‌ಸರ್ಕಾರಿ ವೇದಿಕೆ 2019ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯು ಸುಮಾರು ಹತ್ತು ಲಕ್ಷ ಜೀವಪ್ರಭೇದಗಳು ಅಳಿವಿನ ಭೀತಿಯಲ್ಲಿವೆ ಎಂದಿತು. ನೆಲದ ಮೇಲಿನ ಜೀವಿಗಳ ಮಟ್ಟಿಗೆ ಅತಿ ದೊಡ್ಡ ಕಾರಣ ಭೂಬಳಕೆಯ ಬದಲಾವಣೆ ಎಂದೂ ಅದು ಹೇಳಿತು.

ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಈ ಪ್ರಶ್ನೆಯ ಸ್ವರೂಪ ಬೇರೆ. ಇಲ್ಲಿ ಬೇಸಾಯ ದಟ್ಟ ಕಾಡನ್ನು ಕಡಿದು ಬೆಳೆದದ್ದಲ್ಲ. ಕಣ್ಣಿಗೆ ಕಾಣುವ ಹಸಿರು ಐವತ್ತು ವರ್ಷದ ಹಿಂದಿಗಿಂತ ಹೆಚ್ಚೇ ಇದೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಎಷ್ಟೋ ಖುಷ್ಕಿ ಹೊಲಗಳು ತೆಂಗು, ಅಡಿಕೆ ತೋಟಗಳಾಗಿವೆ. ನಗರದ ಅಂಚಿನ ಅಂತರಸನಹಳ್ಳಿ ಮಾರುಕಟ್ಟೆಗೆ ಸುತ್ತಲ ಹಳ್ಳಿಗಳಿಂದ ವರ್ಷವಿಡೀ ತರಕಾರಿ, ಹೂವು ಬರುತ್ತವೆ. ಬೇಸಿಗೆಯಲ್ಲೂ ಟೊಮೆಟೊ, ಬೀನ್ಸ್ ಬರಬೇಕಾದರೆ ಬೇಸಿಗೆಯಲ್ಲೂ ಮೋಟಾರು ಓಡಬೇಕು, ಔಷಧಿ ಬೀಳಬೇಕು. ಈ ಬದಲಾವಣೆಯಲ್ಲಿ ಕೆಲವು ಪ್ರಾಣಿಗಳು ಹೆಚ್ಚಿವೆ, ಕೆಲವು ಸದ್ದಿಲ್ಲದೆ ಕಣ್ಮರೆಯಾಗಿವೆ. ಯಾವುದು ಏಕೆ ಹೆಚ್ಚಿತು, ಯಾವುದು ಏಕೆ ಅಳಿಯಿತು ಎಂಬುದರ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ಹಳೆಯ ನೆಲದ ಚಿತ್ರ

ವರ್ಷಕ್ಕೆ ಸುಮಾರು 600ರಿಂದ 700 ಮಿ.ಮೀ. ಮಳೆ ಬೀಳುವ ಬಯಲು ಸೀಮೆ ಇದು. ಶಿಂಷಾ, ಜಯಮಂಗಲಿ ನದಿಗಳು ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದರೂ ವರ್ಷದ ಹೆಚ್ಚು ಕಾಲ ಒಣಗಿಯೇ ಇರುತ್ತವೆ. ಹಿಂದಿನವರು ಈ ಮಳೆಗೆ ತಕ್ಕಂತೆ ನೆಲವನ್ನು ಹಂಚಿದ್ದರು. ಕೆರೆಯ ಕೆಳಗಿನ ಅಚ್ಚುಕಟ್ಟಿನಲ್ಲಿ ಭತ್ತ ಮತ್ತು ತೋಟ, ಅದರ ಮೇಲೆ ರಾಗಿಯ ಹೊಲ, ಊರಾಚೆ ದನ ಮೇಯುವ ಗೋಮಾಳ, ದಾರಿಹೋಕರಿಗೆ ನೆರಳಾಗುವ ಗುಂಡುತೋಪು, ಅಲ್ಲಲ್ಲಿ ದೇವರಬನ, ಬೆಟ್ಟದ ಬುಡದಲ್ಲಿ ಕುರುಚಲು ಕಾಡು. 1800ರಲ್ಲಿ ಈ ಮಾರ್ಗವಾಗಿ ಹೋದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನು ವ್ಯಾಪಾರದ ಊರೆಂದು ಗುರುತಿಸಿದ. ಅಡಿಕೆ, ಕೊಬ್ಬರಿ ಆಗಲೇ ಇಲ್ಲಿ ಮಾರಾಟದ ಸರಕಾಗಿದ್ದವು. ಹಾಗಾಗಿ ಅಡಿಕೆ ಈ ನೆಲಕ್ಕೆ ಹೊಸದಲ್ಲ. ಅಂದಿನ ತೋಟ ಕೆರೆಯ ತೂಬಿನ ನೀರು ಮುಟ್ಟುವಷ್ಟು ದೂರಕ್ಕೆ ನಿಲ್ಲುತ್ತಿತ್ತು, ಅಷ್ಟೇ ವ್ಯತ್ಯಾಸ. ಆ ವ್ಯತ್ಯಾಸವೇ ಮುಂದಿನ ಎಲ್ಲ ವಾದಗಳಿಗೂ ಮೂಲ.

ರಾಗಿ ಹೊಲವೂ ಒಂದೇ ಬೆಳೆಯ ಹೊಲವಾಗಿರಲಿಲ್ಲ. ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ ಬೆಳೆಯುತ್ತಿದ್ದವು. ಹುಚ್ಚೆಳ್ಳಿನ ಹೂವಿಗೆ ಜೇನು, ಜೋಳದ ತೆನೆಗೆ ಗಿಳಿ, ಅವರೆಯ ಹುಳುವಿಗೆ ಕಾಜಾಣ ಬರುತ್ತಿದ್ದವು. ಕೊಯ್ಲಾದ ಮೇಲೆ ಹೊಲ ಮುಂದಿನ ಮುಂಗಾರಿನವರೆಗೆ ಬೀಡು ಬೀಳುತ್ತಿತ್ತು. ಆ ಆರು ತಿಂಗಳು ನೆಲಗುಬ್ಬಿ, ಟಿಟ್ಟಿಭ, ಗೌಜಲಕ್ಕಿ, ಮೊಲಗಳದ್ದೇ ರಾಜ್ಯ. ಕಣದಲ್ಲಿ ಉದುರಿದ ಕಾಳು ಗುಬ್ಬಚ್ಚಿಗಳ ಪಾಲಾಗುತ್ತಿತ್ತು. ಕಳ್ಳಿ, ಕತ್ತಾಳೆ, ಲಕ್ಕಿ, ತಂಗಡಿಗಳ ಜೀವಂತ ಬೇಲಿಗಳಲ್ಲಿ ಮುಂಗುಸಿ, ಉಡ, ಕೇರೆಹಾವುಗಳಿದ್ದವು. ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಕಂಡ ಬಯಲು ಸೀಮೆ ಸ್ಥೂಲವಾಗಿ ಇದೇ. ಆ ಸಮೀಕ್ಷೆಯ ವರದಿ 1940ರ ದಶಕದ ಆರಂಭದಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ಇಂದಿಗೂ ಹೋಲಿಕೆಗೆ ಸಿಗುವ ಹಳೆಯ ಆಧಾರ ಅದು.

ಇದೆಲ್ಲ ಸಮೃದ್ಧಿಯ ಕಾಲವಾಗಿತ್ತೆಂದು ಭಾವಿಸಬೇಕಿಲ್ಲ. ಮಳೆ ತಪ್ಪಿದ ವರ್ಷ ಜನ ಹಸಿದಿದ್ದರು. 1876-78ರ ಬರಗಾಲದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ದೊಡ್ಡ ಭಾಗವನ್ನೇ ಕಳೆದುಕೊಂಡಿತು. ಸಾಂದ್ರ ಬೇಸಾಯವನ್ನು ರೈತರು ಏಕೆ ಎರಡೂ ಕೈಯಿಂದ ಬರಮಾಡಿಕೊಂಡರು ಎಂಬುದಕ್ಕೆ ಈ ನೆನಪೂ ಒಂದು ಉತ್ತರ.

ಬದಲಾವಣೆ ಬಂದ ಬಗೆ

ಮೊದಲ ಬದಲಾವಣೆ ಬೀಜದಲ್ಲಿ ಬಂತು. ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಆಫ್ರಿಕಾದ ಮತ್ತು ಇಲ್ಲಿನ ರಾಗಿ ತಳಿಗಳನ್ನು ಕೂಡಿಸಿ ರೂಪಿಸಿದ ಇಂಡಾಫ್ ತಳಿಗಳು ಇಳುವರಿಯನ್ನು ಬಹಳ ಹೆಚ್ಚಿಸಿದವು. ನೆಲದ ವಿನ್ಯಾಸ ಮಾತ್ರ ಹಾಗೇ ಉಳಿಯಿತು. ವನ್ಯಜೀವಿಗಳ ದೃಷ್ಟಿಯಿಂದ ಇದು ಬಹುಶಃ ಎಲ್ಲಕ್ಕಿಂತ ಮೃದುವಾದ ಸುಧಾರಣೆ. ಬದುವೂ ಬೀಡೂ ಉಳಿದುಕೊಂಡು ಕಾಳು ಮಾತ್ರ ಹೆಚ್ಚಿತು.

ಎರಡನೆಯದು ನೀಲಗಿರಿ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕೋಲಾರ, ಬೆಂಗಳೂರು ಗ್ರಾಮಾಂತರ, ತುಮಕೂರಿನ ರಾಗಿ ಹೊಲಗಳಿಗೆ, ಗೋಮಾಳಗಳಿಗೆ ನೀಲಗಿರಿ ನುಗ್ಗಿತು. ಮರವನ್ನು ಕಾರ್ಖಾನೆಗಳು ಕೊಳ್ಳುತ್ತಿದ್ದವು, ಕೂಲಿಯ ಕಾಟವಿರಲಿಲ್ಲ. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತೆಸೆದು ಹುಣಸೆ, ಮಾವಿನ ಬೀಜ ಊರಿದರು. ಮರುತಿಂಗಳೇ ಶಿರಸಿಯ ಸಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಆರಂಭವಾಯಿತು. ಒಂದು ಮರ ಕಡಿಯಬೇಡಿ ಎಂಬ ಹೋರಾಟ, ಇನ್ನೊಂದು ಮರ ನೆಡಬೇಡಿ ಎಂಬ ಹೋರಾಟ. ಎರಡರ ಹಿಂದೆ ಇದ್ದದ್ದು ಒಂದೇ ತಿಳಿವಳಿಕೆ: ಯಾವ ಮರ, ಯಾವ ನೆಲದಲ್ಲಿ ಎಂಬುದು ಮುಖ್ಯ. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು 2017ರಲ್ಲಿ ನಿಷೇಧಿಸಿತು.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ನೀರು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಎಡದಂಡೆ ನಾಲೆಯ ತುಮಕೂರು ಶಾಖೆ ಕ್ರಮೇಣ ತಿಪಟೂರು, ತುರುವೇಕೆರೆ, ಗುಬ್ಬಿ ಕಡೆ ನೀರು ತಂದಿತು. ನಾಲೆ ಮುಟ್ಟದ ಕಡೆ ಕೊಳವೆ ಬಾವಿ ಬಂತು. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ಉಚಿತ ವಿದ್ಯುತ್ ಸಿಕ್ಕಿತು. ತೋಟವು ಕೆರೆಯ ಹಂಗನ್ನು ಬಿಟ್ಟು ದಿಣ್ಣೆ ಹತ್ತಿತು. ಇದರ ಜೊತೆಗೆ ಬಗರ್‌ಹುಕುಂ ಸಾಗುವಳಿ ಸಕ್ರಮವಾಗುತ್ತ ಹೋದಂತೆ ಗೋಮಾಳಗಳ ಅಂಚುಗಳೂ ಕರಗಿದವು. ಭೂಮಿ ಇಲ್ಲದವರಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಗೋಮಾಳವನ್ನು ನಂಬಿದ್ದ ಕುರಿಗಾಹಿಗಳ ಮತ್ತು ಮೃಗಗಳ ಲೆಕ್ಕ ಮಾತ್ರ ಯಾವ ಕಡತದಲ್ಲೂ ಇರಲಿಲ್ಲ.

ಬಯಲೇ ನೆಲೆ ಎನ್ನುವವರು

ಮೊದಲನೆಯ ವಿಚಾರಧಾರೆ ಈ ಎಲ್ಲ ಬದಲಾವಣೆಯನ್ನು ನೆಲೆಯ ನಷ್ಟ ಎಂದು ಓದುತ್ತದೆ. ಬ್ರಿಟಿಷರ ಕಂದಾಯ ದಫ್ತರಗಳು ಸಾಗುವಳಿಯಾಗದ, ಮರವಿಲ್ಲದ ನೆಲವನ್ನೆಲ್ಲ ಬಂಜರು ಎಂದು ಬರೆದವು. ಆ ಹೆಸರು ಈಗಲೂ ಉಳಿದಿದೆ. ಹುಲ್ಲುಗಾವಲು, ಕುರುಚಲು, ಬಂಡೆಗಲ್ಲಿನ ಬಯಲು ತಮ್ಮಷ್ಟಕ್ಕೆ ಪೂರ್ಣವಾದ ನೈಸರ್ಗಿಕ ನೆಲೆಗಳು ಎಂಬುದನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯ ಅಬಿ ತಮೀಮ್ ವನಕ್, ಪರಿಸರ ವಿಜ್ಞಾನಿ ಎಂ.ಡಿ. ಮಧುಸೂದನ್ ಮೊದಲಾದವರು ವಾದಿಸುತ್ತ ಬಂದಿದ್ದಾರೆ. ಇವರಿಬ್ಬರು 2022ರಲ್ಲಿ ಸಿದ್ಧಪಡಿಸಿದ ನಕಾಶೆಯ ಪ್ರಕಾರ ಇಂಥ ತೆರೆದ ನೆಲೆಗಳು ದೇಶದ ಭೂಭಾಗದ ಸುಮಾರು ಶೇ. 10ರಷ್ಟಿವೆ. ಸಂರಕ್ಷಿತ ಪ್ರದೇಶಗಳಲ್ಲಿ ಇವುಗಳ ಪಾಲು ತೀರ ಕಡಿಮೆ.

ಈ ವಾದಕ್ಕೆ ಕರ್ನಾಟಕದಲ್ಲಿ ಬಲವಾದ ಸಾಕ್ಷಿಗಳಿವೆ. 1974ರಲ್ಲಿ ರಾಣೆಬೆನ್ನೂರು ಅಭಯಾರಣ್ಯವಾದಾಗ ಅಲ್ಲಿ ಕೃಷ್ಣಮೃಗದ ಜೊತೆಗೆ ಎರ್ಲಡ್ಡು ಹಕ್ಕಿಯೂ ಇತ್ತು. ಹುಲ್ಲುಗಾವಲಿನ ತುಂಬ ನೀಲಗಿರಿ ಎದ್ದು ನಿಂತಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು, ಎರ್ಲಡ್ಡು ಅಲ್ಲಿಂದ ಮರೆಯಾಯಿತು. ಈಗ ರಾಜ್ಯದಲ್ಲಿ ಆ ಹಕ್ಕಿಯ ಕೊನೆಯ ಆಸರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳು. ತುಮಕೂರು ಜಿಲ್ಲೆಯಲ್ಲೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎನಿಸಿತು. ಅದರ ವಿಸ್ತೀರ್ಣ 798 ಎಕರೆ. ಸುತ್ತಲೂ ಕಡಲೆಕಾಯಿ ಹೊಲಗಳು. ಹಿಂಡು ಮೀಸಲಿನ ಗೆರೆಯೊಳಗೆ ನಿಲ್ಲುವುದಿಲ್ಲ, ನಿಲ್ಲಲು ಜಾಗವೂ ಸಾಲದು. ಶಿರಾ ಕಡೆಯ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳು ಚಿಂಕಾರವನ್ನು ಸೆರೆಹಿಡಿದ ಮೇಲೆ 2019ರಲ್ಲಿ ಅದು ಚಿಂಕಾರ ವನ್ಯಜೀವಿಧಾಮವಾಯಿತು. ಅಲ್ಲಿಯವರೆಗೆ ಅದು ಬಹುಪಾಲು ಜನರ ಕಣ್ಣಿಗೆ ಮುಳ್ಳುಗಂಟಿಯ ಕಾಡು, ಅಷ್ಟೇ.

ಗುಬ್ಬಿ, ಕುಣಿಗಲ್‌ಗಳಲ್ಲಿ ಇಷ್ಟು ದೊಡ್ಡ ಬಯಲು ಉಳಿದಿಲ್ಲ. ಉಳಿದಿದ್ದ ಕಾವಲುಗಳಿಗೂ ಬೇಸಾಯವೊಂದೇ ಕಂಟಕವಾಗಲಿಲ್ಲ ಎಂಬುದನ್ನು ಹೇಳಲೇಬೇಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದವು. ಯಾವುದಕ್ಕೂ ಬಳಕೆಯಾಗದ ನೆಲ ಎಂಬ ಹಣೆಪಟ್ಟಿಯೇ ಎರಡಕ್ಕೂ ದಾರಿ ಮಾಡಿಕೊಟ್ಟಿತು.

ಈ ಧಾರೆ ಚೆನ್ನಾಗಿ ವಿವರಿಸುವುದು ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳ, ಹುಲ್ಲೆ, ತೋಳ, ಗುಳ್ಳೆನರಿಗಳ ಕುಸಿತವನ್ನು. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯಲ್ಲಿ ದೀರ್ಘಾವಧಿ ಮಾಹಿತಿ ಲಭ್ಯವಿದ್ದ 338 ಪ್ರಭೇದಗಳ ಪೈಕಿ ಶೇ. 60ರಷ್ಟು ಇಳಿಮುಖವಾಗಿದ್ದವು. ಹುಲ್ಲುಗಾವಲು ಮತ್ತು ತೆರೆದ ಬಯಲನ್ನೇ ನಂಬಿದ ಹಕ್ಕಿಗಳು ಹೆಚ್ಚು ಪೆಟ್ಟು ತಿಂದವುಗಳ ಸಾಲಿನಲ್ಲಿದ್ದವು. ಆದರೆ ನೆಲೆ ಇದ್ದೂ ಜೀವಿ ಕಡಿಮೆಯಾದರೆ ಅದಕ್ಕೆ ಈ ಧಾರೆಯಲ್ಲಿ ಉತ್ತರ ಸಿಗುವುದಿಲ್ಲ.

ವಿಷವೇ ಮೂಲ ಎನ್ನುವವರು

ಎರಡನೆಯ ಧಾರೆ 1962ರಲ್ಲಿ ರೇಚಲ್ ಕಾರ್ಸನ್ ಬರೆದ ಪುಸ್ತಕದಿಂದ ಜಗತ್ತಿಗೆ ಪರಿಚಿತವಾಯಿತು. ಕನ್ನಡಿಗರಿಗೆ ಅದು ಹತ್ತಿರದಿಂದ ತಿಳಿದದ್ದು ಕಾಸರಗೋಡಿನಲ್ಲಿ. ಅಲ್ಲಿನ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ಗಳು ಎಂಡೋಸಲ್ಫಾನ್ ಚೆಲ್ಲಿದವು. ಎಣ್ಮಕಜೆ, ಪಡ್ರೆ ಪ್ರದೇಶದಲ್ಲಿ ಕರುಗಳು ಅಂಗವಿಕಲವಾಗಿ ಹುಟ್ಟುವುದನ್ನು, ಜೇನು ಮತ್ತು ಮೀನು ಸಾಯುವುದನ್ನು ಮೊದಲು ಗಮನಿಸಿ ಬರೆದವರಲ್ಲಿ ಪತ್ರಕರ್ತ ಶ್ರೀಪಡ್ರೆ ಒಬ್ಬರು. ಮನುಷ್ಯರ ಮೇಲಾದ ಘೋರ ಪರಿಣಾಮ ಹೊರಜಗತ್ತಿಗೆ ತಿಳಿಯುವುದು ತಡವಾಯಿತು. ಸುಪ್ರೀಂ ಕೋರ್ಟ್ 2011ರ ಮೇನಲ್ಲಿ ದೇಶದಾದ್ಯಂತ ಆ ಕೀಟನಾಶಕವನ್ನು ತಡೆಹಿಡಿಯಿತು. ಮನುಷ್ಯರಿಗಿಂತ ಮೊದಲು ಜೇನು, ಮೀನು, ಕರುಗಳು ಎಚ್ಚರಿಸಿದ್ದವು ಎಂಬುದು ಈ ಪ್ರಕರಣದಲ್ಲಿ ಎದ್ದು ಕಾಣುವ ಸಂಗತಿ.

ರಣಹದ್ದುಗಳ ಕತೆ ಇದಕ್ಕಿಂತ ಖಚಿತ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವು ನಿವಾರಕವು ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬುದು 2004ರಲ್ಲಿ ಸಾಬೀತಾಯಿತು. 2006ರಲ್ಲಿ ಭಾರತ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ಅಷ್ಟರಲ್ಲಿ ದೇಶದ ಆಕಾಶ ಬಹುತೇಕ ಬರಿದಾಗಿತ್ತು. ಕುಣಿಗಲ್‌ನಿಂದ ಹೆಚ್ಚು ದೂರವಿಲ್ಲದ ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದು ಧಾಮವಾದಾಗ ಕಾಯಲು ಉಳಿದಿದ್ದವು ಬೆರಳೆಣಿಕೆಯ ಹಕ್ಕಿಗಳು. ಗುಡ್ಡವೂ ಇತ್ತು, ದನವೂ ಇತ್ತು, ನೆಲೆಯಲ್ಲಿ ಕೊರತೆ ಇರಲಿಲ್ಲ. ಕೊಂದದ್ದು ಒಂದೇ ಒಂದು ಔಷಧಿ.

ತೆಂಗಿನ ನಾಡಿನಲ್ಲಿ ಈ ವಾದ ಇಷ್ಟು ಸರಳವಾಗಿ ನಿಲ್ಲುವುದಿಲ್ಲ. 1990ರ ದಶಕದ ಕೊನೆಯಲ್ಲಿ ನುಸಿ ಪೀಡೆ ಬಂದಾಗ ಮೋನೋಕ್ರೋಟೊಫಾಸ್ ಎಂಬ ಉಗ್ರ ವಿಷವನ್ನು ಬೇರಿಗೆ ಉಣಿಸುವ ಪದ್ಧತಿ ಹಬ್ಬಿತು. ಅದೇ ತೋಟಗಳಲ್ಲಿ ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಎಂಬ ಪರೋಪಜೀವಿ ಕಣಜಗಳನ್ನು ಬಿಟ್ಟು ಹತೋಟಿ ಮಾಡುವ ವಿಧಾನವೂ ಯಶಸ್ವಿಯಾಯಿತು. ಹಾಗಾಗಿ ಬಹುವಾರ್ಷಿಕ ತೋಟಕ್ಕಿಂತ ತರಕಾರಿ, ಹೂವಿನ ತಾಕುಗಳ ಮೇಲೆ ಬೀಳುವ ವಿಷವೇ ಹೆಚ್ಚಿನ ಆತಂಕದ್ದು. ಅಲ್ಲಿ ಸಿಂಪಡಣೆಯ ನಡುವಿನ ಅಂತರ ದಿನಗಳಲ್ಲಿದೆ. ಬಿತ್ತನೆಗೆ ವಿಷ ಲೇಪಿಸಿದ ಕಾಳು ತಿಂದು ನವಿಲುಗಳು ಸತ್ತ ಸುದ್ದಿಗಳೂ ಆಗಾಗ ಬರುತ್ತವೆ. ಫೋರೇಟ್‌ನಂಥ ವಿಷಗಳನ್ನು 2020ರ ಕೊನೆಗೆ ನಿಲ್ಲಿಸಲಾಯಿತು.

ಜರ್ಮನಿಯ ರಕ್ಷಿತ ಪ್ರದೇಶಗಳಲ್ಲಿ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ಶೇ. 75ಕ್ಕೂ ಹೆಚ್ಚು ಕುಸಿದಿದೆ ಎಂದು 2017ರ ಅಧ್ಯಯನವೊಂದು ತೋರಿಸಿತು. ಅಂಥ ನಿರಂತರ ಅಳತೆ ಬಯಲು ಸೀಮೆಯಲ್ಲಿ ನಡೆದಿಲ್ಲ. ಕೀಟ ಕಡಿಮೆಯಾದದ್ದನ್ನೆಲ್ಲ ವಿಷದ ಲೆಕ್ಕಕ್ಕೆ ಹಾಕುವುದೂ ಅವಸರವಾದೀತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳ ಬಹುಪಾಲನ್ನು ಅಳಿಸಿಹಾಕಿತ್ತು.

ಕೆರೆ ಬತ್ತಿದಾಗ

ಮೂರನೆಯ ಧಾರೆಗೆ ನೀರೇ ಕೇಂದ್ರ. ಕೊಳವೆ ಬಾವಿಗಳು ಆಳಕ್ಕೆ ಇಳಿದಂತೆ ಹಳ್ಳಗಳ ಒರತೆ ನಿಂತಿತು, ಕೆರೆಗಳು ಬೇಸಿಗೆ ಕಾಣುವ ಮೊದಲೇ ಬತ್ತತೊಡಗಿದವು. ಅಚ್ಚುಕಟ್ಟಿನ ರೈತನಿಗೆ ಸ್ವಂತ ಬೋರ್‌ವೆಲ್ ಇದ್ದಾಗ ಕೆರೆಯ ಹೂಳೆತ್ತುವ ಆಸಕ್ತಿ ಉಳಿಯುವುದಿಲ್ಲ. ನೀರುಗಂಟಿಯ ಕೆಲಸವೂ ಇಲ್ಲವಾಗುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆ ಮರಗಳಲ್ಲಿ 1990ರ ದಶಕದಿಂದ ಗೂಡು ಕಟ್ಟುತ್ತಿರುವ ಬಣ್ಣದ ಕೊಕ್ಕರೆಗಳನ್ನು ಊರವರು ಮಕ್ಕಳಂತೆ ನೋಡಿಕೊಳ್ಳುತ್ತಾರೆ. ತುಮಕೂರಿನ ನಿಸರ್ಗಪ್ರಿಯರು ಆ ತಾಣವನ್ನು ಬೆಳಕಿಗೆ ತಂದರು. ಆದರೂ ಮರ ಉಳಿದರೆ ಸಾಲದು. ಮರಿಗೆ ಮೀನು ಬೇಕು, ಮೀನಿಗೆ ಆಳವಿಲ್ಲದ ನೀರಿನ ಕೆರೆ ಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಎನಿಸಿಕೊಂಡರೂ ಅಲ್ಲಿನ ಹೆಜ್ಜಾರ್ಲೆಗಳ ಹೊಟ್ಟೆ ತುಂಬುವುದು ಊರಾಚೆಯ ಶಿಂಷಾ ಹೊಳೆ ಮತ್ತು ಕೆರೆಗಳಲ್ಲಿ. ಅದೇ ಶಿಂಷಾ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ದಾಟಿ ಬರುತ್ತದೆ. ಮೇಲಿನ ತಾಲ್ಲೂಕಿನ ನೀರಿನ ಬಳಕೆ ಕೆಳಗಿನ ಊರಿನ ಗೂಡಿಗೆ ತಟ್ಟುತ್ತದೆ.

ಇದಕ್ಕೆ ಎದುರಾದ ಸಂಗತಿಯೂ ಇದೆ. ಹೇಮಾವತಿ ನೀರು ತುಂಬಿದ ಕೆರೆಗಳಿಗೆ ನೀರುಕಾಗೆ, ಬಾತು, ಹೆಜ್ಜಾರ್ಲೆಗಳು ಬರುತ್ತವೆ. ಸಾಂದ್ರ ಬೇಸಾಯಕ್ಕೆಂದು ತಂದ ನೀರೇ ಕೆಲವು ಕಡೆ ಹಕ್ಕಿಗಳಿಗೆ ಆಸರೆಯಾಗಿದೆ. ನಾಲೆ ಹರಿದ ಭಾಗಕ್ಕೂ ಬೋರ್‌ವೆಲ್ ನಂಬಿದ ಭಾಗಕ್ಕೂ ಒಂದೇ ತೀರ್ಪು ಕೊಡಲಾಗದು.

ಹೊಂದಿಕೊಂಡವುಗಳು: ಚಿರತೆ ಮತ್ತು ನವಿಲು

ನಾಲ್ಕನೆಯ ಧಾರೆ ಈ ಪ್ರದೇಶದಲ್ಲಿ ಅತಿ ಹೆಚ್ಚು ವಿವಾದಕ್ಕೊಳಗಾದದ್ದು. ಪ್ರಾಣಿಗಳು ನಿಸ್ಸಹಾಯಕವಾಗಿ ಅಳಿಯುತ್ತವೆ ಎಂಬ ಚಿತ್ರವನ್ನು ಅದು ಒಪ್ಪುವುದಿಲ್ಲ. ಸಾಂದ್ರ ಬೇಸಾಯವೇ ಕೆಲವು ಪ್ರಾಣಿಗಳಿಗೆ ಹೊಸ ಮನೆ ಕಟ್ಟಿಕೊಟ್ಟಿದೆ ಎನ್ನುತ್ತದೆ. ಮಹಾರಾಷ್ಟ್ರದ ಅಕೋಲೆ ಪ್ರದೇಶದ ಕಬ್ಬಿನ ಗದ್ದೆಗಳಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಡೇ ಇಲ್ಲದ ಜನನಿಬಿಡ ನೆಲದಲ್ಲಿ 100 ಚದರ ಕಿ.ಮೀ.ಗೆ ಸುಮಾರು ಐದು ವಯಸ್ಕ ಚಿರತೆಗಳು ಕಂಡವು. ನಾಯಿ, ಮೇಕೆ, ಕರುಗಳು ಅವುಗಳ ಆಹಾರ. ಎತ್ತರದ ಬೆಳೆ ಅವುಗಳ ಮರೆ.

ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಬಂಡೆಗಳ ಗುಡ್ಡ, ಅದರ ಬುಡದಲ್ಲಿ ಲಂಟಾನ ಹಬ್ಬಿದ ಪೊದೆ, ಅದಕ್ಕೆ ತಾಗಿ ಹಾಳುಬಿದ್ದ ಹೊಲ, ಅದರಾಚೆ ತೆಂಗು ಅಡಿಕೆಯ ನೆರಳು, ತೋಟದ ಮನೆಯಲ್ಲಿ ಕಟ್ಟಿದ ಹಸು ಮತ್ತು ನಾಯಿ. ಈ ಜಿಲ್ಲೆಯವರೇ ಆದ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ವರ್ಷಗಟ್ಟಲೆ ಕ್ಯಾಮೆರಾ ಟ್ರ್ಯಾಪ್‌ಗಳ ಮೂಲಕ ರಾಜ್ಯದ ಚಿರತೆಗಳನ್ನು ಅಭ್ಯಸಿಸಿದ್ದಾರೆ. ಕೃಷಿ ಪ್ರದೇಶದ ನಡುವಿನ ಕಲ್ಲುಗುಡ್ಡ ಮತ್ತು ಕುರುಚಲು ಕಾಡುಗಳು ಅವುಗಳಿಗೆ ಎಷ್ಟು ಮುಖ್ಯ ಎಂಬುದನ್ನು ಅವರ ಕೆಲಸ ಎತ್ತಿ ತೋರಿಸಿದೆ. ಚಿರತೆ ತೋಟಕ್ಕೆ ಬಂದದ್ದು ತೋಟ ಚೆನ್ನಾಗಿದೆ ಎಂದೋ, ಗುಡ್ಡವನ್ನು ಕ್ವಾರಿ ಕೊರೆದು ಬಿಟ್ಟಿದೆ ಎಂದೋ ಎಂಬಲ್ಲಿ ಅಭಿಪ್ರಾಯಗಳು ಬೇರೆಯಾಗುತ್ತವೆ. ಮೊದಲನೆಯದು ನಿಜವಾದರೆ ಚಿರತೆ ಇಲ್ಲಿನ ಕಾಯಂ ನಿವಾಸಿ. ಎರಡನೆಯದು ನಿಜವಾದರೆ ಅದು ನಿರಾಶ್ರಿತ. ಎರಡಕ್ಕೂ ಪರಿಹಾರ ಬೇರೆ.

ಇದು ಪುಸ್ತಕದ ಚರ್ಚೆಯಾಗಿ ಉಳಿಯಲಿಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗೆ ಈ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ವಯಸ್ಸಾದವರೂ ಬಲಿಯಾದರು. ಸಂಜೆಯಾದರೆ ಜನ ಹೊಲಕ್ಕೆ ಹೋಗಲು ಹೆದರಿದರು. ಅರಣ್ಯ ಇಲಾಖೆ ಬೋನುಗಳನ್ನಿಟ್ಟಿತು, ಕೆಲವು ಪ್ರಾಣಿಗಳನ್ನು ಹಿಡಿದು ಸಾಗಿಸಿತು. ಹಿಡಿದು ಬೇರೆ ಕಾಡಿಗೆ ಬಿಡುವುದು ಪರಿಹಾರವಲ್ಲ, ಬಿಟ್ಟ ಕಡೆ ದಾಳಿ ಹೆಚ್ಚುತ್ತದೆ ಎಂದು ಮಹಾರಾಷ್ಟ್ರದ ಜುನ್ನರ್‌ನ ಅನುಭವವನ್ನು ಅತ್ರೇಯ ತಂಡ 2011ರಲ್ಲೇ ದಾಖಲಿಸಿತ್ತು. ಮಗುವನ್ನು ಕಳೆದುಕೊಂಡ ಊರಿಗೆ ಆ ಅಧ್ಯಯನವನ್ನು ಓದಿ ಹೇಳಲಾಗದು. ಇಲಾಖೆಯ ಅಧಿಕಾರಿಗಳು ಸಿಕ್ಕಿಕೊಳ್ಳುವುದು ಇವೆರಡರ ನಡುವೆ.

ನವಿಲಿನದು ಇನ್ನೊಂದು ಬಗೆಯ ಗೆಲುವು. ದೇಶದಲ್ಲಿ ಸಂಖ್ಯೆ ಏರುತ್ತಿರುವ ಕೆಲವೇ ಹಕ್ಕಿಗಳಲ್ಲಿ ಅದೊಂದು. ನೀರಾವರಿ ಹೋದಲ್ಲಿಗೆಲ್ಲ ಅದೂ ಹೋಗಿದೆ, ರಾಜಸ್ಥಾನದ ಮರುಭೂಮಿಯ ನಾಲೆಯ ದಡದವರೆಗೂ. ಕಾಡುಹಂದಿ ತೋಟದ ಮಣ್ಣು ಕೆದಕುತ್ತದೆ. ತೆಂಗಿನ ಗರಿಗೆ ಗೂಡು ನೇಯುವ ಗೀಜುಗಕ್ಕೆ ಮರ ಈಗ ಯಥೇಚ್ಛ. ಮರಿಗೆ ತಿನ್ನಿಸಲು ಹುಳು, ತನಗೆ ತಿನ್ನಲು ಕಾಳು ಸಿಗುವ ಹೊಲ ಮಾತ್ರ ದೂರ ಸರಿದಿದೆ. ಹೀಗೆ ಹೊಂದಿಕೊಂಡ ಪ್ರಾಣಿಗಳಲ್ಲಿ ಹೆಚ್ಚಿನವು ಏನನ್ನಾದರೂ ತಿನ್ನಬಲ್ಲವು, ಎಲ್ಲಿಯಾದರೂ ಅಡಗಬಲ್ಲವು. ಒಂದೇ ಬಗೆಯ ನೆಲೆ, ಒಂದೇ ಬಗೆಯ ಆಹಾರ ನಂಬಿದವು ಸೋಲುತ್ತವೆ. ಚಿರತೆ, ನವಿಲು, ಹಂದಿಗಳನ್ನು ಎಣಿಸಿ ವನ್ಯಜೀವಿ ಹೆಚ್ಚಿದೆ ಎನ್ನುವ ಮಾತಿಗೆ ಅಷ್ಟರಮಟ್ಟಿಗೆ ಬೆಲೆ ಇಲ್ಲ.

ಹೀಗೆ ಸೋಲುವ ಜೀವಿಗಳಿಗೆ ಕಾಡುಪಾಪ ತಕ್ಕ ಉದಾಹರಣೆ. ತುಮಕೂರು ತಾಲ್ಲೂಕಿನ ನಾಗವಲ್ಲಿ ಮತ್ತು ದೇವರಾಯನದುರ್ಗದ ಸುತ್ತ ಈ ಪುಟ್ಟ ನಿಶಾಚರಿ ಇನ್ನೂ ಉಳಿದಿದೆ. ನೆಲಕ್ಕೆ ಇಳಿಯಲು ಅದಕ್ಕೆ ಇಷ್ಟವಿಲ್ಲ. ಕೊಂಬೆಗೆ ಕೊಂಬೆ ತಾಗಿದ ಬೇಲಿ ಸಾಲೇ ಅದರ ರಸ್ತೆ, ಕೀಟಗಳೇ ಅದರ ಮುಖ್ಯ ಆಹಾರ. ಕಳ್ಳಿ, ಜಾಲಿಯ ಬೇಲಿ ತೆಗೆದು ಕಲ್ಲುಕಂಬಕ್ಕೆ ತಂತಿ ಎಳೆದ ದಿನ ಅದರ ರಸ್ತೆ ತುಂಡಾಗುತ್ತದೆ. ಔಷಧಿ ಹೊಡೆದ ರಾತ್ರಿ ಊಟವೂ ಇಲ್ಲ. ಚಿರತೆಗೆ ಮರೆಯಾಗುವ ಅದೇ ತೋಟ ಕಾಡುಪಾಪಕ್ಕೆ ದಾಟಲಾಗದ ಬಯಲು.

ಬೇರ್ಪಡಿಸುವುದೋ, ಬೆರೆಸುವುದೋ

ಪರಿಹಾರದ ಬಗ್ಗೆ ಜಗತ್ತಿನಲ್ಲಿ ಎರಡು ಪಕ್ಷಗಳಿವೆ. ಕೇಂಬ್ರಿಜ್‌ನ ರೈಸ್ ಗ್ರೀನ್, ಆಂಡ್ರ್ಯೂ ಬಾಮ್‌ಫರ್ಡ್ ಮತ್ತು ಸಂಗಡಿಗರು 2005ರಲ್ಲಿ ಮಂಡಿಸಿದ ವಾದ ಹೀಗಿದೆ: ಸಾಗುವಳಿ ನೆಲದಲ್ಲಿ ಗರಿಷ್ಠ ಬೆಳೆ ತೆಗೆದರೆ ಉಳಿದ ನೆಲವನ್ನು ಕಾಡಿಗೆ ಬಿಡಬಹುದು. ಘಾನಾ ಮತ್ತು ಉತ್ತರ ಭಾರತದಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬೆಂಬಲ ಕೊಟ್ಟಿತು. ಎದುರು ಪಕ್ಷ ಹೊಲದೊಳಗೇ ಜೀವಿಗಳಿಗೆ ಜಾಗ ಬಿಡಬೇಕೆನ್ನುತ್ತದೆ. ಅದರ ದೊಡ್ಡ ಸಾಕ್ಷಿ ಉತ್ತರ ಕನ್ನಡದಿಂದ ಬಂತು. ಜೈ ರಂಗನಾಥನ್, ರಂಜಿತ್ ಡೇನಿಯಲ್ಸ್, ಸುಭಾಷ್ ಚಂದ್ರನ್ ಮೊದಲಾದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಸಾವಿರ ವರ್ಷಗಳಿಂದ ಅಡಿಕೆ ಬೆಳೆಯುತ್ತಿರುವ ಅಲ್ಲಿನ ಸೀಮೆಯಲ್ಲಿ ಪ್ರದೇಶದ ಕಾಡುಹಕ್ಕಿ ಪ್ರಭೇದಗಳಲ್ಲಿ ಶೇ. 90ರಷ್ಟು ಉಳಿದಿದ್ದವು.

ಈ ಫಲಿತಾಂಶವನ್ನು ಬಯಲು ಸೀಮೆಯ ಅಡಿಕೆಗೆ ಅನ್ವಯಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಶಿರಸಿಯ ತೋಟಕ್ಕೆ ಸೊಪ್ಪು ಕೊಡುವ ಬೆಟ್ಟವಿದೆ. ತೋಟದವನಿಗೆ ಕಾಡು ಬೇಕು, ಹಾಗಾಗಿ ಕಾಡು ಉಳಿಯಿತು. ಗುಬ್ಬಿಯ ತೋಟಕ್ಕೆ ಬೇಕಾದದ್ದು ಪಾತಾಳದ ನೀರು ಮತ್ತು ಅಂಗಡಿಯ ಗೊಬ್ಬರ. ಪಕ್ಕದ ಗುಡ್ಡದ ಜೊತೆ ಅದಕ್ಕೆ ಯಾವ ಕೊಡುಕೊಳ್ಳುವಿಕೆಯೂ ಇಲ್ಲ. ಬೇರ್ಪಡಿಸುವ ಪಕ್ಷದ ಲೆಕ್ಕವೂ ಇಲ್ಲಿ ಕೈಕೊಡುತ್ತದೆ. ತೋಟದ ಆದಾಯ ಹೆಚ್ಚಿದಾಗ ರೈತ ಉಳಿದ ಹೊಲವನ್ನು ಹುಲ್ಲಿಗೆ ಬಿಡುವುದಿಲ್ಲ, ಇನ್ನೊಂದು ಬೋರ್‌ವೆಲ್ ಕೊರೆಸುತ್ತಾನೆ. ನೆಲ ಬಿಡಿಸುವ ನೀತಿ ಇಲ್ಲದೆ ಇಳುವರಿ ತಾನೇ ತಾನಾಗಿ ನೆಲ ಬಿಡಿಸಿದ್ದು ಈ ಸೀಮೆಯಲ್ಲಿ ಕಾಣುವುದಿಲ್ಲ.

ಮಧ್ಯದ ದಾರಿಗಳು ಸಣ್ಣವು, ಆದರೆ ಗುರುತಿಸುವಂಥವು. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಮಾರುಕಟ್ಟೆಗೆ ಹೆಸರಾದದ್ದು. ಅಲ್ಲಿಗೆ ಬರುವ ಹಲಸಿನ ಮರಗಳಲ್ಲಿ ಬಹುಪಾಲು ಬದುವಿನವು, ತೋಟದಂಚಿನವು. ನೀರು ಗೊಬ್ಬರ ಕೇಳದ ಮರ, ಹಣ್ಣು ಅಳಿಲಿಗೂ ಬಾವಲಿಗೂ ಪುನುಗಿಗೂ ಉಂಟು. ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಚೇಳೂರು ಕಡೆಯ ಕೆಂಪು ತೊಳೆಯ ಸಿದ್ದು ಹಲಸನ್ನು ತಳಿಯಾಗಿ ಗುರುತಿಸಿದ ಮೇಲೆ ಬದುವಿನ ಮರಕ್ಕೂ ಬೆಲೆ ಬಂತು. ಬೆಂಬಲ ಬೆಲೆಯಲ್ಲಿ ರಾಗಿ ಖರೀದಿ ನಡೆಯುವುದರಿಂದ ಖುಷ್ಕಿ ಹೊಲ ಇನ್ನೂ ಪೂರ್ತಿ ತೋಟವಾಗಿಲ್ಲ. ನೆಲಗುಬ್ಬಿಗೆ ಈ ಖರೀದಿ ಕೇಂದ್ರವೇ ಅಭಯಾರಣ್ಯಕ್ಕಿಂತ ಹೆಚ್ಚು ಉಪಕಾರ ಮಾಡಿರಬಹುದು.

ಇತ್ಯರ್ಥವಾಗದೆ ಉಳಿದಿರುವುದು

ಮೊದಲ ತೊಡಕು ಅಳತೆಯದು. 2022ರ ರಾಷ್ಟ್ರೀಯ ಅಂದಾಜಿನಲ್ಲಿ ಕರ್ನಾಟಕದ ಚಿರತೆಗಳ ಸಂಖ್ಯೆ 1,879. ಆ ಗಣತಿ ನಡೆದದ್ದು ಮುಖ್ಯವಾಗಿ ಹುಲಿ ಇರುವ ರಾಜ್ಯಗಳ ಅರಣ್ಯಗಳಲ್ಲಿ. ತೆಂಗಿನ ತೋಟದ ಚಿರತೆ ಅದರಲ್ಲಿ ಸೇರುವುದಿಲ್ಲ. ಎಷ್ಟಿವೆ ಎಂದು ತಿಳಿಯದೆ ಹೆಚ್ಚಿವೆಯೋ, ಇದ್ದವೇ ಹೆಚ್ಚು ಕಣ್ಣಿಗೆ ಬೀಳುತ್ತಿವೆಯೋ ಎಂದು ಹೇಳಲು ಬರುವುದಿಲ್ಲ. ಕೀಟ, ಕಪ್ಪೆ, ಹಾವುಗಳ ವಿಷಯದಲ್ಲಂತೂ ಹೋಲಿಸಲು ಹಳೆಯ ಲೆಕ್ಕವೇ ಇಲ್ಲ.

ಎರಡನೆಯದು ಕಾರಣಗಳನ್ನು ಬಿಡಿಸುವ ಕಷ್ಟ. ಬೇಲಿ ಹೋದದ್ದು, ವಿಷ ಬಂದದ್ದು, ಕೆರೆ ಬತ್ತಿದ್ದು, ಗುಡ್ಡದಲ್ಲಿ ಕ್ವಾರಿ ಎದ್ದದ್ದು, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶ ಹಬ್ಬಿದ್ದು ಎಲ್ಲವೂ ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ. ಅಂತರಸನಹಳ್ಳಿಯಲ್ಲೇ ತರಕಾರಿ ಮಾರುಕಟ್ಟೆಯೂ ಕೈಗಾರಿಕಾ ಪ್ರದೇಶವೂ ಅಕ್ಕಪಕ್ಕದಲ್ಲಿವೆ. ಅಲ್ಲಿ ಗೌಜಲಕ್ಕಿಯ ಕೂಗು ನಿಂತದ್ದಕ್ಕೆ ಹೊಣೆ ಯಾರು ಎಂಬುದನ್ನು ಬೇರ್ಪಡಿಸಿ ಹೇಳುವ ಅಧ್ಯಯನ ನಡೆಯಬೇಕಿದೆ.

ಮೂರನೆಯದು ನೀರಿನ ಹೊಸ ಹಂಚಿಕೆ. ಹೇಮಾವತಿ ನೀರನ್ನು ನೇರವಾಗಿ ಕುಣಿಗಲ್ ಮತ್ತು ಮಾಗಡಿ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಯೋಜನೆ ಗುಬ್ಬಿ, ತುಮಕೂರು ಭಾಗದಲ್ಲಿ ತೀವ್ರ ವಿರೋಧ ಎದುರಿಸಿದೆ. ವಾದವೆಲ್ಲ ಯಾವ ತಾಲ್ಲೂಕಿಗೆ ಎಷ್ಟು ನೀರು ಎಂಬುದರ ಮೇಲೆ. ಯಾವ ಕೆರೆಯಲ್ಲಿ ಎಷ್ಟು ತಿಂಗಳು ನೀರು ನಿಂತರೆ ಯಾವ ಹಕ್ಕಿ ಮರಿ ಮಾಡೀತು ಎಂಬ ಲೆಕ್ಕ ಎರಡೂ ಕಡೆಯ ಮಾತಿನಲ್ಲಿಲ್ಲ.

ಕೊನೆಯದು ಖರ್ಚಿನ ಪ್ರಶ್ನೆ. ಬೆಳೆ, ಜಾನುವಾರು, ಪ್ರಾಣ ಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹಾನಿಯಾಗದಂತೆ ನೋಡಿಕೊಂಡ, ಬೇಲಿ ಉಳಿಸಿದ, ಬದುವಿನ ಮರ ಕಡಿಯದ ರೈತನಿಗೆ ಅಂಥದ್ದೇನೂ ಇಲ್ಲ. ಯುರೋಪಿನ ಕೃಷಿ ನೀತಿಯಲ್ಲಿ ಹೊಲದಂಚು, ಬೇಲಿಸಾಲು ಉಳಿಸಿದ್ದಕ್ಕೆ ಹಣವಿದೆ, ಅದರಿಂದ ಆದ ಫಲದ ಬಗ್ಗೆ ಅಲ್ಲೂ ಭಿನ್ನಾಭಿಪ್ರಾಯವಿದೆ. ಇಲ್ಲಿ 2002ರ ಜೀವವೈವಿಧ್ಯ ಕಾಯಿದೆಯಡಿ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯಿದೆಯಿಂದ. ತೋಪು ಸಾರ್ವಜನಿಕ ನೆಲದಲ್ಲಿತ್ತು. ಕಾಡುಪಾಪದ ಬೇಲಿಗಳು ನೂರಾರು ಖಾಸಗಿ ಹಿಡುವಳಿಗಳಲ್ಲಿ ಹಂಚಿಹೋಗಿವೆ. ಅಂಥ ಬೇಲಿಯೊಂದನ್ನು ಯಾವ ಕಾನೂನಿನಡಿ, ಯಾರ ಹಣದಿಂದ, ಯಾರ ಒಪ್ಪಿಗೆಯ ಮೇಲೆ ಕಾಯುವುದು ಎಂಬುದಕ್ಕೆ ಈಗಿರುವ ಯಾವ ವ್ಯವಸ್ಥೆಯೂ ಉತ್ತರ ಕೊಟ್ಟಿಲ್ಲ.